ಲೈಟ್ ಉರೀತಿದೆ, ಸೌಂಡ್ ಎಲ್ಲಿ ಹೋಯ್ತು? ಟ್ಯೂಬ್ ಆಂಪ್ ಕೈಕೊಟ್ಟಾಗ ಏನು ಮಾಡಬೇಕು, ಏನು ಮಾಡಬಾರದು

(ಇದು ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಿದೀರಿ ಅಂದ್ಕೊಂಡಿದೀನಿ. ಇವತ್ತು ನನ್ನದೇ ಒಂದು ದಡ್ಡತನದ ಕಥೆ ಹೇಳ್ತೀನಿ. ಆ ದಡ್ಡತನದಿಂದ ಒಂದಿಷ್ಟು ದುಡ್ಡು ಹೋಯ್ತು. ಜೀವ ಹೋಗಬಹುದಿತ್ತು, ಹೋಗಲಿಲ್ಲ. ಅದಕ್ಕೇ ಈ ಎಪಿಸೋಡ್.

ಒಂದು ಶನಿವಾರ ಸಂಜೆ, ಬೆಂಗಳೂರಿನ ಒಂದು ಜ್ಯಾಮ್ ರೂಮ್. ಮುಂದಿನ ಶನಿವಾರ ಕಾಲೇಜ್ ಫೆಸ್ಟ್‌ನಲ್ಲಿ ನಮ್ಮ ಬ್ಯಾಂಡ್‌ನ ಶೋ. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಒಂದು ಟ್ಯೂಬ್ ಆಂಪ್. 15 ವಾಟ್, ಒಳಗೆ ಎರಡು ಇಎಲ್84 ಪವರ್ ಟ್ಯೂಬ್, ಮೂರು 12ಎಎಕ್ಸ್7 ಪ್ರೀಆಂಪ್ ಟ್ಯೂಬ್. ಮೂರನೇ ಹಾಡಿನ ಮಧ್ಯದಲ್ಲಿ ಸೌಂಡ್ ಇದ್ದಕ್ಕಿದ್ದ ಹಾಗೆ ಕುಸಿದುಬಿಡ್ತು. ಪೂರ್ತಿ ಹೋಗಲಿಲ್ಲ, ಪಿಸುಮಾತಿನಷ್ಟು ಉಳೀತು. ಡ್ರಮ್ಸ್ ಮುಂದೆ ನಾನು ಬಾರಿಸ್ತಿದೀನೋ ಇಲ್ವೋ ಅನ್ನೋದೂ ಗೊತ್ತಾಗ್ತಿರಲಿಲ್ಲ. ಆದರೆ ಮುಂದಿನ ಕೆಂಪು ದೀಪ ಉರೀತಿತ್ತು, ಹಿಂದೆ ಟ್ಯೂಬ್‌ಗಳು ಕಿತ್ತಳೆ ಬಣ್ಣದಲ್ಲಿ ಹೊಳೀತಿದ್ವು. ನೋಡೋಕೆ ಎಲ್ಲಾ ಸರಿ ಇತ್ತು.

ಅಲ್ಲಿಂದ ನಾನು ಮಾಡಿದ್ದೆಲ್ಲಾ ಉಲ್ಟಾ. ಮೊದಲು ಆಂಪ್ ಒಳಗೆ ಏನಿರುತ್ತೆ ಅಂತ ಎರಡು ನಿಮಿಷ ನೋಡೋಣ, ಆಮೇಲೆ ನನ್ನ ತಪ್ಪುಗಳಿಗೆ ಬರ್ತೀನಿ.

ಒಳಗೆ ಏನು ನಡೆಯುತ್ತೆ?

ಗೋಡೆಯಿಂದ 230 ವೋಲ್ಟ್ ಬರುತ್ತೆ. ಆಂಪ್ ಒಳಗಿನ ಪವರ್ ಟ್ರಾನ್ಸ್‌ಫಾರ್ಮರ್ ಅದನ್ನ ಎರಡು ದಾರಿಗೆ ಹಂಚುತ್ತೆ. ಒಂದು ಸಣ್ಣ ದಾರಿ, ಬರೀ 6.3 ವೋಲ್ಟ್. ಇದು ಟ್ಯೂಬ್ ಒಳಗಿನ ಹೀಟರ್ ಕಾಯಿಸೋಕೆ. ನಾವು ನೋಡೋ ಆ ಕಿತ್ತಳೆ ಬೆಳಕು ಇದರದ್ದೇ. ಇನ್ನೊಂದು ದೊಡ್ಡ ದಾರಿ. ಇದು ರೆಕ್ಟಿಫೈಯರ್ ಮೂಲಕ ಡಿಸಿ ಆಗಿ, ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತೆ. ನನ್ನಂಥ ಸಣ್ಣ ಆಂಪ್‌ನಲ್ಲೇ 300 ವೋಲ್ಟ್‌ಗಿಂತ ಹೆಚ್ಚು. ದೊಡ್ಡ ಆಂಪ್‌ಗಳಲ್ಲಿ 450, 500 ವೋಲ್ಟ್‌ವರೆಗೂ ಇರುತ್ತೆ.

ಇಲ್ಲೇ ಒಂದು ವಿಷಯ ನೆನಪಿಟ್ಕೊಳ್ಳಿ. ಟ್ಯೂಬ್ ಹೊಳೀತಿದೆ ಅಂದ್ರೆ ಹೀಟರ್ ಕೆಲಸ ಮಾಡ್ತಿದೆ ಅಂತ ಮಾತ್ರ ಅರ್ಥ. ಆ ದೊಡ್ಡ ವೋಲ್ಟೇಜ್ ಬರ್ತಿದೆ ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

ಇನ್ನು ಸಿಗ್ನಲ್ ದಾರಿ. ಗಿಟಾರ್‌ನಿಂದ ಕೇಬಲ್, ಕೇಬಲ್‌ನಿಂದ ಪ್ರೀಆಂಪ್ ಟ್ಯೂಬ್, ಕೆಲವು ಆಂಪ್‌ಗಳಲ್ಲಿ ನಡುವೆ ಒಂದು ಎಫೆಕ್ಟ್ಸ್ ಲೂಪ್, ಆಮೇಲೆ ಪವರ್ ಟ್ಯೂಬ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಕೊನೆಗೆ ಸ್ಪೀಕರ್. ಈ ಸರಪಳಿಯಲ್ಲಿ ಯಾವ ಕೊಂಡಿ ಸಡಿಲ ಆದ್ರೂ ನಮ್ಮ ಕಿವಿಗೆ ಗೊತ್ತಾಗೋದು ಒಂದೇ: ಸೌಂಡ್ ಹೋಯ್ತು.

ಮೊದಲ ತಪ್ಪು: ಲಕ್ಷಣ ಕೇಳದೆ ಔಷಧಿ ಕೊಟ್ಟೆ

ಪವರ್ ಕಮ್ಮಿ ಆಗಿದೆ, ಹಾಗಾದ್ರೆ ಪವರ್ ಟ್ಯೂಬ್ ಹೋಗಿದೆ. ನನ್ನ ತರ್ಕ ಇಷ್ಟೇ. ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಒಂದು ಜೊತೆ ಇಎಲ್84 ಆರ್ಡರ್ ಮಾಡಿದೆ. ಬುಧವಾರ ಬಂತು. ಹಾಕಿದೆ. ಸೌಂಡ್ ಅದೇ ಪಿಸುಮಾತು. ದುಡ್ಡು ನೀರಲ್ಲಿ ಹೋಮ.

ನಾನು ಮೊದಲು ಕೇಳ್ಕೋಬೇಕಿದ್ದ ಪ್ರಶ್ನೆ ಇದು: ಸೌಂಡ್ ಎಷ್ಟು ಕಮ್ಮಿ ಆಗಿದೆ?

ಇದಕ್ಕೆ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಆಂಪ್‌ನ ಪವರ್ ಅರ್ಧ ಆದ್ರೆ ಸೌಂಡ್ ಅರ್ಧ ಆಗಲ್ಲ. ಕಮ್ಮಿ ಆಗೋದು ಬರೀ 3 ಡೆಸಿಬೆಲ್. ನಮ್ಮ ಕಿವಿಗೆ ಸೌಂಡ್ ಅರ್ಧ ಆಯ್ತು ಅನ್ನಿಸಬೇಕಾದ್ರೆ ಸುಮಾರು 10 ಡೆಸಿಬೆಲ್ ಇಳೀಬೇಕು. ಅಂದ್ರೆ ಪವರ್ ಹತ್ತನೇ ಒಂದು ಭಾಗಕ್ಕೆ ಬರಬೇಕು. 15 ವಾಟ್ ಇದ್ದದ್ದು ಒಂದೂವರೆ ವಾಟ್ ಆಗಬೇಕು!

ಎರಡು ಪವರ್ ಟ್ಯೂಬ್‌ನಲ್ಲಿ ಒಂದು ಸತ್ತರೆ ಏನಾಗುತ್ತೆ? ಇನ್ನೊಂದು ಒಂಟಿಯಾಗಿ ಎಳೀತಿರುತ್ತೆ. ಸೌಂಡ್ ಸ್ವಲ್ಪ ಇಳಿಯುತ್ತೆ, ಒರಟಾಗಿ ಹರಿದ ಹಾಗೆ ಕೇಳುತ್ತೆ, 'ಗುಂಯ್' ಅನ್ನೋ ಹಮ್ ಜಾಸ್ತಿ ಆಗುತ್ತೆ. ಯಾಕಂದ್ರೆ ಎರಡೂ ಟ್ಯೂಬ್ ಸರಿ ಇದ್ದಾಗ ಒಂದರ ಹಮ್ಮನ್ನ ಇನ್ನೊಂದು ಹೊಡೆದುಹಾಕ್ತಿರುತ್ತೆ. ನನ್ನ ಆಂಪ್‌ನಲ್ಲಿ ಹಮ್ ಇರಲಿಲ್ಲ, ಒರಟುತನ ಇರಲಿಲ್ಲ. ಸೌಂಡ್ ಚೊಕ್ಕವಾಗೇ ಇತ್ತು, ಆದರೆ ತೀರಾ ಸಣ್ಣದು. ಅಂದ್ರೆ ಪವರ್ ಟ್ಯೂಬ್‌ಗಳು ಆರೋಗ್ಯವಾಗಿದ್ವು, ಅವುಗಳಿಗೆ ಸಿಗ್ನಲ್ಲೇ ತಲುಪ್ತಿರಲಿಲ್ಲ. ಸುಳಿವು ಕಿವಿಗೇ ಕೇಳ್ತಿತ್ತು. ನಾನು ಕಿವಿ ಕೊಡಲಿಲ್ಲ.

ಎರಡನೇ ತಪ್ಪು: ಅರ್ಧ ವಿಡಿಯೋ ನೋಡಿ ಸ್ಕ್ರೂಡ್ರೈವರ್ ಹಿಡಿದೆ

ಗುರುವಾರ. ಶೋಗೆ ಎರಡೇ ದಿನ. ಒಂದು ವಿಡಿಯೋದಲ್ಲಿ ಯಾರೋ ಹೇಳ್ತಿದ್ರು, ಎಲ್ಲಾ ಟ್ಯೂಬ್ ಕಿತ್ತು ಆಂಪ್ ಆನ್ ಮಾಡಿ, ಫ್ಯೂಸ್ ಹಾರುತ್ತಾ ನೋಡಿ ಅಂತ. ನಾನೂ ಐದೂ ಟ್ಯೂಬ್ ತೆಗೆದೆ. ಆನ್ ಮಾಡಿದೆ. ಫ್ಯೂಸ್ ಹಾರಲಿಲ್ಲ. ಆಫ್ ಮಾಡಿದೆ, ಪ್ಲಗ್ ಕಿತ್ತೆ. ಆಫ್ ಇದೆ, ಪ್ಲಗ್ ಇಲ್ಲ, ಟ್ಯೂಬ್ ಕೂಡ ಇಲ್ಲ, ಇನ್ನೇನು ಭಯ ಅಂತ ನಾಲ್ಕು ಸ್ಕ್ರೂ ಬಿಚ್ಚಿ ಚಾಸಿ ಹೊರಗೆ ಎಳೆದೆ.

ಒಳಗೆ ವೈರುಗಳ ಕಾಡು. ಏನೂ ಅರ್ಥ ಆಗಲಿಲ್ಲ. ಆಗ ನಮ್ಮ ಏರಿಯಾದ ರೇಡಿಯೋ ಅಂಕಲ್ ನೆನಪಾದ್ರು. ಎಪ್ಪತ್ತು ದಾಟಿದೆ. ವಯಸ್ಸಲ್ಲಿ ಇವರ ಕೆಲಸ ಬರೀ ವಾಲ್ವ್ ರೇಡಿಯೋ ರಿಪೇರಿ. ಅವರಿಗೆ ಟ್ಯೂಬ್ ಅಂದ್ರೆ ಗೊತ್ತಾಗಲ್ಲ, 'ವಾಲ್ವ್' ಅನ್ನಬೇಕು. ಫೋನ್ ಮಾಡಿದೆ.

"ಅಂಕಲ್, ಆಂಪ್ ಬಿಚ್ಚಿದೀನಿ. ಯಾವ ವೈರ್ ನೋಡಲಿ?"

"ವಾಲ್ವ್ ಒಳಗಿದ್ಯಾ, ತೆಗೆದಿದೀಯಾ?"

"ಎಲ್ಲಾ ತೆಗೆದಿದೀನಿ. ಹಾಗೇ ಆನ್ ಮಾಡಿನೂ ನೋಡ್ದೆ."

ಒಂದು ಕ್ಷಣ ಮಾತಿಲ್ಲ. ಆಮೇಲೆ, "ಎದ್ದು ಆ ರೂಮಿಂದ ಆಚೆ ಬಾಮ್ಮಾ. ಬಾಗಿಲು ಹಾಕು. ಮನೇಲಿ ಮಕ್ಕಳು ಮರಿ ಯಾರೂ ಒಳಗೆ ಹೋಗಬಾರದು. ನಾನು ಬರೋವರೆಗೂ ಮುಟ್ಟಬೇಡ."

ಅವರು ಬಂದಾಗ ಎರಡು ಗಂಟೆ ಆಗಿತ್ತು. ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡ್ರು. ಮೀಟರ್‌ನ ಕಪ್ಪು ವೈರನ್ನ ಕ್ಲಿಪ್‌ನಿಂದ ಚಾಸಿಗೆ ಸಿಕ್ಕಿಸಿ, ಕೆಂಪು ವೈರನ್ನ ಬಲಗೈಲಿ ಹಿಡಿದು ದೊಡ್ಡ ಕೆಪಾಸಿಟರ್‌ಗೆ ಮುಟ್ಟಿಸಿದ್ರು. ಮೀಟರ್ ತೋರಿಸಿದ್ದು 210 ವೋಲ್ಟ್. ಪ್ಲಗ್ ಕಿತ್ತು ಎರಡು ಗಂಟೆ ಆದ್ಮೇಲೆ.

"ನಿಮ್ಮನೆ ಮೇಲೆ ನೀರಿನ ಟ್ಯಾಂಕ್ ಇದ್ಯಲ್ಲ," ಅಂದ್ರು. "ಮೋಟರ್ ಆಫ್ ಮಾಡಿದ್ರೆ ಟ್ಯಾಂಕ್ ಖಾಲಿ ಆಗುತ್ತಾ? ನಲ್ಲಿ ಬಿಟ್ರೆ ತಾನೇ ಖಾಲಿ ಆಗೋದು. ಇಲ್ಲಿ ವಾಲ್ವೇ ನಲ್ಲಿ. ನೀನು ನಲ್ಲಿನೇ ಕಿತ್ತುಹಾಕಿ ಟ್ಯಾಂಕ್ ತುಂಬಿಸಿದೀಯ."

ಇವತ್ತಿನ ಎಪಿಸೋಡ್‌ನಲ್ಲಿ ಬೇರೆ ಏನು ಮರೆತ್ರೂ ಪರವಾಗಿಲ್ಲ, ಇದನ್ನ ಮರೀಬೇಡಿ. ಮಾಮೂಲಿಯಾಗಿ ಬಾರಿಸ್ತಿರೋ ಆಂಪ್ ಆಫ್ ಮಾಡಿದಾಗ, ಬಿಸಿ ಟ್ಯೂಬ್‌ಗಳು ಕೆಪಾಸಿಟರ್‌ನಲ್ಲಿ ಉಳಿದದ್ದನ್ನ ಸಾಮಾನ್ಯವಾಗಿ ಎಳೆದುಬಿಡ್ತವೆ. ಟ್ಯೂಬ್ ಇಲ್ಲದಿದ್ದರೆ ಅದು ಹೋಗೋಕೆ ದಾರಿಯೇ ಇಲ್ಲ. ಕೆಲವು ಆಂಪ್‌ಗಳಲ್ಲಿ ಅದನ್ನ ಇಳಿಸೋಕೆ ಬ್ಲೀಡರ್ ಅನ್ನೋ ರೆಸಿಸ್ಟರ್ ಇರುತ್ತೆ, ನನ್ನದರಲ್ಲಿ ಇರಲಿಲ್ಲ. ನಾನು ಸುರಕ್ಷಿತ ಅಂದ್ಕೊಂಡಿದ್ದ ಸ್ಥಿತಿಯೇ ಅತಿ ಅಪಾಯದ ಸ್ಥಿತಿ. ಒಂದು ಕೈ ಚಾಸಿ ಮೇಲೆ, ಇನ್ನೊಂದು ಕೈ ಕೆಪಾಸಿಟರ್ ತುದಿ ಮೇಲೆ ಬಿದ್ದಿದ್ರೆ ಕರೆಂಟ್ ಎದೆ ಮೂಲಕ ಹಾದುಹೋಗ್ತಿತ್ತು. ಅಂಕಲ್ ಎಡಗೈ ಬೆನ್ನ ಹಿಂದೆ ಇಟ್ಟಿದ್ದು ಅದಕ್ಕೇ.

ಆಮೇಲೆ ಅವರು ಒಂದು ದಪ್ಪ ರೆಸಿಸ್ಟರ್ ಇರೋ ವೈರ್ ಸಿಕ್ಕಿಸಿ ನಿಧಾನಕ್ಕೆ ಟ್ಯಾಂಕ್ ಖಾಲಿ ಮಾಡಿದ್ರು. ಮೀಟರ್ ಸೊನ್ನೆಗೆ ಬರೋವರೆಗೂ ಕಾದು, ಇನ್ನೊಮ್ಮೆ ಅಳೆದು ನೋಡಿದ್ರು. ಸ್ಕ್ರೂಡ್ರೈವರ್‌ನಿಂದ ಟಪ್ ಅಂತ ಶಾರ್ಟ್ ಮಾಡೋರೂ ಇದ್ದಾರಂತೆ. "ಕಿಡಿ ಹಾರುತ್ತೆ, ಕೆಪಾಸಿಟರೂ ಹಾಳು, ಕಣ್ಣಿಗೂ ಅಪಾಯ. ಅದು ಕೆಲಸ ಅಲ್ಲ, ಹುಡುಗಾಟ" ಅಂದ್ರು.

ಹಾಗಾದ್ರೆ ಏನು ಹೋಗಿತ್ತು?

ಅಂಕಲ್ ಚಾಸಿ ಮತ್ತೆ ಡಬ್ಬಕ್ಕೆ ಸೇರಿಸಿದ್ರು, ಟ್ಯೂಬ್ ಹಾಕಿದ್ರು. ಇಲ್ಲೂ ಒಂದು ಎಚ್ಚರಿಕೆ ಕೊಟ್ರು. ಇಎಲ್84 ಮತ್ತು 12ಎಎಕ್ಸ್7 ಎರಡಕ್ಕೂ ಒಂಬತ್ತು ಪಿನ್, ಒಂದೇ ಥರದ ಸಾಕೆಟ್. ಅದರ ಜಾಗದಲ್ಲಿ ಇದು ಸಲೀಸಾಗಿ ಕೂರುತ್ತೆ, ಆದರೆ ಒಳಗಿನ ಕನೆಕ್ಷನ್ ಬೇರೆ ಬೇರೆ. ಅದಲು ಬದಲಾದ್ರೆ ನಷ್ಟ ಗ್ಯಾರಂಟಿ. ಅದಕ್ಕೆ ತೆಗೆಯೋ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ.

ಆಮೇಲೆ ಕೇಳಿದ್ರು, "ಈ ಹಿಂದಿನ ಎರಡು ತೂತು ಏನಕ್ಕೆ?"

ಎಫೆಕ್ಟ್ಸ್ ಲೂಪ್ ಅಂತ ಹೇಳ್ದೆ. ಒಂದು ಸೆಂಡ್, ಒಂದು ರಿಟರ್ನ್. ಪ್ರೀಆಂಪ್‌ನಿಂದ ಸಿಗ್ನಲ್ ಹೊರಗೆ ಹೋಗಿ, ಪೆಡಲ್ ಮೂಲಕ ಸುತ್ತಿ ಪವರ್ ಆಂಪ್‌ಗೆ ವಾಪಸ್ ಬರೋ ದಾರಿ. ನಾನು ಅದನ್ನ ಒಂದು ದಿನವೂ ಬಳಸಿಲ್ಲ.

"ಬಳಸದೇ ಇರೋ ಬಾಗಿಲೇ ತುಕ್ಕು ಹಿಡಿಯೋದು. ಎರಡಕ್ಕೂ ಒಂದು ವೈರ್ ಹಾಕು."

ಪೆಡಲ್‌ಗೆ ಹಾಕೋ ಗೇಣುದ್ದದ ಪ್ಯಾಚ್ ಕೇಬಲ್ ತಗೊಂಡು ಸೆಂಡ್‌ನಿಂದ ರಿಟರ್ನ್‌ಗೆ ಹಾಕ್ದೆ. ಗಿಟಾರ್ ತಂತಿ ಮೀಟಿದೆ. ಪಕ್ಕದ ಮನೆ ನಾಯಿ ಬೊಗಳೋಕೆ ಶುರು ಮಾಡ್ತು. ಸೌಂಡ್ ವಾಪಸ್!

ವಿಷಯ ಇಷ್ಟೇ. ಇಂಥ ಎಷ್ಟೋ ಆಂಪ್‌ಗಳಲ್ಲಿ ರಿಟರ್ನ್ ಜ್ಯಾಕ್ ಒಳಗೆ ಒಂದು ಪುಟ್ಟ ಸ್ಪ್ರಿಂಗ್ ಪಟ್ಟಿ ಇರುತ್ತೆ. ಕೇಬಲ್ ಹಾಕದೇ ಇದ್ದಾಗ ಸಿಗ್ನಲ್ ಆ ಪಟ್ಟಿ ಮೇಲೇ ದಾಟಿ ಹೋಗಬೇಕು. ವರ್ಷಗಟ್ಟಲೆ ಧೂಳು, ತೇವ ಸೇರಿ ಅದರ ಮೇಲೆ ಒಂದು ಪೊರೆ ಕಟ್ಟುತ್ತೆ. ಒಂದು ದಿನ ಸಂಪರ್ಕ ತಪ್ಪುತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ, ಉಪ್ಪು ಗಾಳಿಗೆ ಲೋಹ ಏನಾಗುತ್ತೆ ಅಂತ ಗೊತ್ತೇ ಇದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಜ್ಯಾಕ್‌ನ ಹತ್ತು ಸಲ ಹಾಕಿ ತೆಗೆದ ಮೇಲೆ ಪ್ಯಾಚ್ ಕೇಬಲ್ ಇಲ್ಲದೇನೂ ಸೌಂಡ್ ಬಂತು. ಹೊಸ ಟ್ಯೂಬ್‌ಗಳ ಮುಂದೆ ಒಂದು ಸ್ಪ್ರೇ ಡಬ್ಬದ ಬೆಲೆ ಏನೇನೂ ಅಲ್ಲ.

ನಿಮ್ಮ ಆಂಪ್ ಕೈಕೊಟ್ರೆ: ಮೂರು ಲಕ್ಷಣ, ಮೂರು ದಾರಿ

ಅವತ್ತು ಕಲಿತದ್ದನ್ನ ಒಂದು ಕ್ರಮದಲ್ಲಿ ಹೇಳ್ತೀನಿ. ಇದ್ಯಾವುದಕ್ಕೂ ಚಾಸಿ ಬಿಚ್ಚಬೇಕಾಗಿಲ್ಲ.

ಒಂದು: ದೀಪವೇ ಇಲ್ಲ, ಪೂರ್ತಿ ಸತ್ತಿದೆ. ಮೊದಲು ಗೋಡೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಗಬೇಡಿ, ಎಷ್ಟೋ ಸಲ ಸಮಸ್ಯೆ ಅಲ್ಲೇ ಇರುತ್ತೆ. ಆಮೇಲೆ ಪವರ್ ಕೇಬಲ್ ಬದಲಿಸಿ. ಹೆಚ್ಚಿನ ಆಂಪ್‌ಗಳಿಗೆ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಹಾಕೋ ಕೇಬಲ್ಲೇ ಆಗುತ್ತೆ. ಅದೂ ಸರಿ ಇದ್ರೆ ಪ್ಲಗ್ ಕಿತ್ತು ಫ್ಯೂಸ್ ತೆಗೆದು ನೋಡಿ. ಗಾಜಿನ ಒಳಗೆ ತಂತಿ ಸಣ್ಣಗೆ ತುಂಡಾಗಿದ್ರೆ ಫ್ಯೂಸ್ ವಯಸ್ಸಾಗಿ ಹೋಗಿರಬಹುದು, ಅಥವಾ ಸ್ವಲ್ಪ ಭಾರ ಜಾಸ್ತಿ ಆಗಿರಬಹುದು. ಗಾಜು ಕಪ್ಪಾಗಿದ್ರೆ, ಕನ್ನಡಿ ಥರ ಬೆಳ್ಳಿ ಬಳಿದಂತಾಗಿದ್ರೆ, ಒಳಗೆ ಜೋರಾಗಿ ಶಾರ್ಟ್ ಆಗಿದೆ ಅಂತ ಲೆಕ್ಕ.

ಆಂಪ್ ಹಿಂದೆ ಬರೆದಿರೋ ಅಳತೆಯ, ಅದೇ ಬಗೆಯ ಫ್ಯೂಸ್ ಒಂದೇ ಒಂದು ಸಲ ಹಾಕಿ. ಟಿ ಅಕ್ಷರ ಇದ್ರೆ ಅದು ನಿಧಾನಕ್ಕೆ ಹಾರೋ ಫ್ಯೂಸ್. ಆನ್ ಮಾಡಿದ ಕ್ಷಣ ಟ್ರಾನ್ಸ್‌ಫಾರ್ಮರ್ ಒಂದು ಗುಕ್ಕು ಜಾಸ್ತಿ ಎಳೆಯುತ್ತೆ, ಅದನ್ನ ತಡ್ಕೊಳ್ಳೋಕೆ ಹಾಗೆ ಮಾಡಿರ್ತಾರೆ. ಎರಡನೇ ಫ್ಯೂಸೂ ಹಾರಿದ್ರೆ ಅಲ್ಲಿಗೆ ನಿಲ್ಲಿಸಿ, ರಿಪೇರಿಯವರ ಹತ್ರ ಹೋಗಿ. ಫ್ಯೂಸ್ ಕಳ್ಳ ಅಲ್ಲ, ಕಳ್ಳ ಬಂದಿದಾನೆ ಅಂತ ಕೂಗಿ ಹೇಳೋ ವಾಚ್‌ಮ್ಯಾನ್. ಹಳೇ ಮನೆ ಫ್ಯೂಸ್‌ಗೆ ಎರಡೆಳೆ ತಂತಿ ಸುತ್ತಿದ ಹಾಗೆ ಇಲ್ಲೂ ದಪ್ಪ ಫ್ಯೂಸ್ ಹಾಕಿದ್ರೆ, ಸಿಲ್ವರ್ ಫಾಯಿಲ್ ಸುತ್ತಿದ್ರೆ, ಮುಂದೆ ಸುಡೋದು ಟ್ರಾನ್ಸ್‌ಫಾರ್ಮರ್. ಆಂಪ್‌ನಲ್ಲಿ ಅತಿ ದುಬಾರಿ ಭಾಗಗಳಲ್ಲಿ ಅದೂ ಒಂದು.

ಅಮೆರಿಕದಿಂದ ಅಣ್ಣನೋ ಚಿಕ್ಕಪ್ಪನೋ ತಂದುಕೊಟ್ಟ ಆಂಪ್ ಆದ್ರೆ ಇನ್ನೊಂದು ಮಾತು. ಅಲ್ಲಿನ ಕರೆಂಟ್ 120 ವೋಲ್ಟ್. ಹಿಂದೆ ವೋಲ್ಟೇಜ್ ಬದಲಿಸೋ ಸ್ವಿಚ್ ಇದ್ಯಾ ನೋಡಿ. ಇಲ್ಲದಿದ್ರೆ ಅದಕ್ಕೆ ತಕ್ಕ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಎರಡು: ದೀಪ ಇದೆ, ಟ್ಯೂಬ್ ಹೊಳೀತಿದೆ, ಸೌಂಡ್ ಸೊನ್ನೆ. ಸ್ಟ್ಯಾಂಡ್‌ಬೈ ಸ್ವಿಚ್ ನೋಡಿ. ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಸರಿಯಾಗಿ ಕೂತಿದ್ಯಾ ನೋಡಿ. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಬಾರಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಆದ್ದರಿಂದ ಈ ಒಂದು ವಿಷಯದಲ್ಲಿ ಪ್ರಯೋಗ ಬೇಡ. ಕೆಲವು ಆಂಪ್‌ಗಳಲ್ಲಿ ಆ ದೊಡ್ಡ ವೋಲ್ಟೇಜ್‌ಗೇ ಅಂತ ಎರಡನೇ ಫ್ಯೂಸ್ ಇರುತ್ತೆ, ಹಿಂದೆ ಎಚ್‌ಟಿ ಅಂತ ಬರೆದಿರುತ್ತೆ. ಅದು ಹಾರಿದ್ರೆ ಹೀಟರ್ ಹೊಳೀತಾನೇ ಇರುತ್ತೆ, ಸೌಂಡ್ ಮಾತ್ರ ಇರಲ್ಲ. ಅದನ್ನ ಹಾರಿಸೋದು ಎಷ್ಟೋ ಸಲ ಕೆಟ್ಟ ಪವರ್ ಟ್ಯೂಬ್. ಇಲ್ಲೂ ಅದೇ ನಿಯಮ: ಅದೇ ಅಳತೆ, ಒಂದೇ ಸಲ.

ಮೂರು: ಸೌಂಡ್ ಇದೆ, ಆದರೆ ಕುಸಿದಿದೆ. ಇದು ನನ್ನ ಕೇಸ್. ಪೆಡಲ್ ಎಲ್ಲಾ ತೆಗೆದು ಬೇರೆ ಕೇಬಲ್‌ನಿಂದ ಗಿಟಾರ್‌ನ ನೇರ ಆಂಪ್‌ಗೆ ಹಾಕಿ. ಸಾಧ್ಯ ಆದ್ರೆ ಗಿಟಾರ್ ಕೂಡ ಬದಲಿಸಿ. ಆಮೇಲೆ ಲೂಪ್‌ಗೆ ಪ್ಯಾಚ್ ಕೇಬಲ್. ಅದಕ್ಕೂ ಬಗ್ಗದಿದ್ರೆ ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ಪೂರ್ತಿ ತಣ್ಣಗಾದ ಮೇಲೆ, ಸರಿ ಇರೋ ಒಂದು 12ಎಎಕ್ಸ್7 ಇಟ್ಕೊಂಡು ಪ್ರೀಆಂಪ್ ಟ್ಯೂಬ್‌ಗಳನ್ನ ಒಂದೊಂದಾಗಿ ಬದಲಿಸಿ ನೋಡಿ. ಒಂದು ಹೊತ್ತಿಗೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಟ್ಯೂಬ್‌ಗಳನ್ನ ಕಣ್ಣಲ್ಲೂ ಪರೀಕ್ಷೆ ಮಾಡಬಹುದು. ಗಾಜಿನ ತಲೆ ಮೇಲೆ ಬೆಳ್ಳಿ ಥರ ಒಂದು ಲೇಪ ಇರುತ್ತೆ. ಅದು ಹಾಲಿನ ಹಾಗೆ ಬಿಳಿ ಆಗಿದ್ರೆ ಒಳಗೆ ಗಾಳಿ ಸೇರಿದೆ, ಆ ಟ್ಯೂಬ್ ಮುಗೀತು. ಆನ್ ಇದ್ದಾಗ ಪವರ್ ಟ್ಯೂಬ್ ಒಳಗಿನ ಬೂದು ಬಣ್ಣದ ತಗಡು ಕೆಂಪಗೆ ಕಾಯ್ತಿದ್ರೆ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಪವರ್ ಟ್ಯೂಬ್ ಬದಲಿಸೋದಾದ್ರೆ ಜೋಡಿಯಾಗೇ ಬದಲಿಸಬೇಕು. ಎಷ್ಟೋ ದೊಡ್ಡ ಆಂಪ್‌ಗಳಲ್ಲಿ ಆಮೇಲೆ ಬಯಾಸ್ ಹೊಂದಿಸಬೇಕಾಗುತ್ತೆ, ಅದು ಗೊತ್ತಿರೋರ ಕೆಲಸ.

ಮೂರನೇ ಪಿನ್ ಕಥೆ

ಹೊರಡೋಕೆ ಮುಂಚೆ ಅಂಕಲ್ ನನ್ನ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿದ್ರು. ಹಮ್ ಬರುತ್ತೆ ಅಂತ ನಾನು ಮೂರು ಪಿನ್‌ನ ಪ್ಲಗ್‌ಗೆ ಎರಡು ಪಿನ್‌ನ ಅಡಾಪ್ಟರ್ ಹಾಕಿದ್ದೆ. ಹಮ್ ಕಮ್ಮಿ ಆಗಿತ್ತು ನಿಜ. ಅವರು ಏನೂ ಮಾತಾಡದೆ ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡ್ರು.

ಯಾಕೆ ಅಂತ ಹೇಳ್ತೀನಿ. ಗಿಟಾರ್ ತಂತಿ ಕೇಬಲ್ ಮೂಲಕ ಆಂಪ್‌ನ ಚಾಸಿಗೆ ಸೇರಿರುತ್ತೆ. ಒಳಗೆ ಎಲ್ಲೋ ಒಂದು ವೈರ್ ಸಡಿಲ ಆಗಿ ಚಾಸಿಗೆ ತಾಗಿದ್ರೆ, ಅರ್ತಿಂಗ್ ಸರಿ ಇದ್ದಾಗ ಫ್ಯೂಸ್ ಹಾರುತ್ತೆ. ಅರ್ತಿಂಗ್ ಇಲ್ಲದಿದ್ರೆ ಆ ಕರೆಂಟ್ ತಂತಿ ಹಿಡಿದ ಕೈಗಾಗಿ ಕಾಯ್ತಿರುತ್ತೆ. ಆ ಹೊತ್ತಿಗೆ ತುಟಿ ಮೈಕ್‌ಗೆ ತಾಗಿದ್ರೆ ದಾರಿ ಪೂರ್ತಿ ಆಯ್ತು. ಕಾಲೇಜ್ ಫೆಸ್ಟ್‌ಗಳಲ್ಲಿ ಜನರೇಟರ್, ಉದ್ದುದ್ದ ಎಕ್ಸ್‌ಟೆನ್ಷನ್, ಮಳೆ ಬಂದ ನೆಲ ಎಲ್ಲಾ ಇರುತ್ತೆ. ಸೌಂಡ್ ಚೆಕ್ ಮುಂಚೆ ಎಲೆಕ್ಟ್ರಿಷಿಯನ್‌ಗೆ 'ಅಣ್ಣಾ, ಅರ್ತಿಂಗ್ ಇದ್ಯಾ, ಒಂದ್ಸಲ ಚೆಕ್ ಮಾಡಿ' ಅಂತ ಕೇಳೋಕೆ ನಾಚಿಕೆ ಪಡಬೇಡಿ.

ಕೊನೆಗೆ

ಶನಿವಾರ ಶೋ ಆಯ್ತು. ಲೂಪ್‌ನಲ್ಲಿ ಒಂದು ಪ್ಯಾಚ್ ಕೇಬಲ್, ಜೇಬಲ್ಲಿ ಎರಡು ಸರಿಯಾದ ಫ್ಯೂಸ್, ಚೀಲದಲ್ಲಿ ಆ ದುಬಾರಿ ಇಎಲ್84 ಜೋಡಿ, ಈಗ ಸ್ಪೇರ್. ಮೂರನೇ ಹಾಡು ದಾಟುವಾಗ ಮಾತ್ರ ಒಂದು ಕ್ಷಣ ಉಸಿರು ಬಿಗಿಹಿಡಿದಿದ್ದೆ.

ಅಂಕಲ್ ನನ್ನ ಹತ್ರ ದುಡ್ಡು ತಗೊಳ್ಳಲಿಲ್ಲ, ಕಾಫಿ ಕುಡಿದ್ರು. ಕುಡೀತಾ ತಮ್ಮ ಹಳೇ ಡಬ್ಬದಿಂದ ಒಂದು ವಾಲ್ವ್ ತೆಗೆದು ತೋರಿಸಿದ್ರು. ಅದರ ಮೇಲೆ ಬಿಇಎಲ್ ಅಂತ ಅಚ್ಚಾಗಿತ್ತು. ಹೌದು, ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಶುರುವಾದ ಆ ಕಂಪನಿ 1961ರಿಂದ ರೇಡಿಯೋ ವಾಲ್ವ್ ತಯಾರಿಸ್ತು. ನಾನು ವಿದೇಶದಿಂದ ಬಂದ ಮಾಯಾಜಾಲ ಅಂದ್ಕೊಂಡಿದ್ದ ಈ ಗಾಜಿನ ಬುರುಡೆಗಳು ಒಂದು ಕಾಲಕ್ಕೆ ನಮ್ಮೂರಲ್ಲೇ ತಯಾರಾಗ್ತಿದ್ವು. ಅದನ್ನ ರಿಪೇರಿ ಮಾಡೋದು ಗೊತ್ತಿರೋ ಕೈಗಳು ಇನ್ನೂ ನಮ್ಮ ಬೀದಿಗಳಲ್ಲಿವೆ. ಎಸ್‌ಪಿ ರೋಡ್ ಕಡೆ ಹೋದಾಗ, ನಿಮ್ಮೂರಿನ ಹಳೇ ಪೇಟೆ ಬೀದಿಯಲ್ಲಿ ನಡೆಯುವಾಗ, 'ವಾಲ್ವ್ ರೇಡಿಯೋ ಮಾಡ್ತಿದ್ದವರು ಯಾರಾದ್ರೂ ಇದಾರಾ?' ಅಂತ ಕೇಳಿ ನೋಡಿ. ಸಿಕ್ಕರೆ ನಂಬರ್ ಸೇವ್ ಮಾಡ್ಕೊಳ್ಳಿ, ಆಂಪ್ ಸರಿ ಇರುವಾಗಲೇ.

ಬ್ಯಾಂಡ್‌ನಲ್ಲಿರೋ ಗೆಳೆಯರಿಗೆ, ಅದರಲ್ಲೂ ಕೈಯಲ್ಲಿ ಸದಾ ಸ್ಕ್ರೂಡ್ರೈವರ್ ಇರೋ ಗೆಳೆಯರಿಗೆ, ಈ ಎಪಿಸೋಡ್ ಕಳಿಸಿ. ಹೊರಗಿಂದ ನೋಡೋದನ್ನೆಲ್ಲಾ ನಾವೇ ನೋಡೋಣ, ಒಳಗಿನದ್ದು ಬಲ್ಲವರಿಗೆ ಬಿಡೋಣ. ಮುಂದಿನ ವಾರ ಸಿಗೋಣ. ನಮಸ್ಕಾರ.